6.3 ಅಂಕದ ಅಂತರ: 1964ರಲ್ಲಿ ಫೆರಾರಿ ಜಿಟಿಒ ಮತ್ತು ಕೋಬ್ರಾ ಕೂಪೆ

1960ರ ದಶಕದ ಸ್ಪೋರ್ಟ್ಸ್ ಕಾರುಗಳ ಮಾತು ಬಂದರೆ ಒಂದು ಸಿದ್ಧ ಉತ್ತರ ಎಲ್ಲರ ಬಾಯಲ್ಲೂ ಇರುತ್ತದೆ. ಇಟಲಿಯವರದು ನಾಜೂಕಿನ ಕೆಲಸ, ಅಮೆರಿಕದವರದು ಬರೀ ದೊಡ್ಡ ಎಂಜಿನ್. ಇಟಲಿ ಕಾರು ತಿರುವಿನಲ್ಲಿ ಗೆಲ್ಲುತ್ತದೆ, ಅಮೆರಿಕದ್ದು ನೇರ ರಸ್ತೆಯಲ್ಲಿ. ಕೇಳೋಕೆ ಚೆನ್ನಾಗಿದೆ. ಆದರೆ 1963ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆಯ ರೇಸಿನಲ್ಲಿ ಆಗಿದ್ದು ಇದರ ಉಲ್ಟಾ. ಹೆಚ್ಚು ಶಕ್ತಿಯಿದ್ದ ಅಮೆರಿಕದ ಕಾರು ನೇರ ರಸ್ತೆಯಲ್ಲೇ ಸೋತಿತು.

ಆ ಸೋಲಿನಿಂದ ಶುರುವಾಗಿ 1965ರ ಜುಲೈವರೆಗೆ, ವರ್ಷದ ಹಲವು ರೇಸುಗಳ ಅಂಕ ಕೂಡಿಸಿ ಕೊಡುವ ಜಿಟಿ ಚಾಂಪಿಯನ್‌ಶಿಪ್‌ಗಾಗಿ ನಡೆದದ್ದು ಈ ಪ್ರಕರಣ. ಒಂದು ಕಡೆ ಫೆರಾರಿ 250 ಜಿಟಿಒ. ಇನ್ನೊಂದು ಕಡೆ ಕ್ಯಾರಲ್ ಶೆಲ್ಬಿಯ ಕೋಬ್ರಾ, ಆಮೇಲೆ ಅದೇ ಕೋಬ್ರಾಗೆ ಹೊಸ ಬಾಡಿ ಕೊಟ್ಟು ಮಾಡಿದ ಡೇಟೋನಾ ಕೂಪೆ (ಕೂಪೆ ಅಂದರೆ ಚಾವಣಿ ಮುಚ್ಚಿದ, ಎರಡು ಬಾಗಿಲಿನ ಕಾರು). ಎರಡು ದೇಶದ ಕಾರುಗಳನ್ನು ಹೋಲಿಸೋಕೆ ಇದಕ್ಕಿಂತ ಒಳ್ಳೆಯ ಸಂದರ್ಭ ನನಗಂತೂ ಗೊತ್ತಿಲ್ಲ. ಎರಡೂ ಒಂದೇ ವಿಭಾಗದಲ್ಲಿ, ಒಂದೇ ರೂಲ್‌ಬುಕ್ ಕೆಳಗೆ, ಒಂದೇ ದಿನ, ಒಂದೇ ಟ್ರ್ಯಾಕಿನಲ್ಲಿ ಓಡಿದವು. ಪತ್ರಿಕೆಗಳ ಹೋಲಿಕೆಗೆ ಈ ಅನುಕೂಲ ಇರಲಿಲ್ಲ. ಅದೇ 1964ರಲ್ಲಿ ಒಂದು ಅಮೆರಿಕನ್ ಪತ್ರಿಕೆ ಫೆರಾರಿ ಜಿಟಿಒ ಮತ್ತು ಅದರ ಹೆಸರನ್ನೇ ಇಟ್ಟುಕೊಂಡಿದ್ದ ಪಾಂಟಿಯಾಕ್ ಜಿಟಿಒ ಎರಡನ್ನೂ ಮುಖಪುಟದಲ್ಲಿ ಎದುರುಬದುರು ನಿಲ್ಲಿಸಿತು. ನಿಜವಾಗಿ ಎರಡು ಕಾರುಗಳೂ ಒಟ್ಟಿಗೆ ಓಡಿರಲೇ ಇಲ್ಲ. ಪತ್ರಿಕೆಗೆ ಕೊಟ್ಟಿದ್ದ ಪಾಂಟಿಯಾಕ್ ಕಾರಿನ ಬಾನೆಟ್ ಕೆಳಗೆ ಬೇರೆಯೇ ದೊಡ್ಡ ಎಂಜಿನ್ ಇತ್ತು ಅಂತ ಆಮೇಲೆ ಬಯಲಾಯಿತು. ಮುಖಪುಟ ಮಾತ್ರ ಇವತ್ತಿಗೂ ಪ್ರಸಿದ್ಧ.

ಫೆರಾರಿ ಜಿಟಿಒ ಎಂಥ ಕಾರು

ಜಿಟಿ ಅಂದರೆ ಗಿರಾಕಿಗಳಿಗೂ ಮಾರುವ ವೇಗದ ಕಾರುಗಳ ವಿಭಾಗ. ಅದರ ನಿಯಮ ಸರಳವಾಗಿತ್ತು. ಹನ್ನೆರಡು ತಿಂಗಳಲ್ಲಿ ಕನಿಷ್ಠ 100 ಕಾರು ತಯಾರಿಸಿರಬೇಕು. ಆಗ ಅಂತರರಾಷ್ಟ್ರೀಯ ಮೋಟಾರು ರೇಸುಗಳ ನಿಯಮ ನೋಡಿಕೊಳ್ಳುವ ಎಫ್‌ಐಎ ಅದನ್ನು ಜಿಟಿ ಕಾರು ಅಂತ ಒಪ್ಪುತ್ತಿತ್ತು. ಜಿಟಿಒ ಅಂಥ ಲೆಕ್ಕಕ್ಕೆ ಹತ್ತಿರವೂ ಬರುವುದಿಲ್ಲ. 1962ರಿಂದ 1964ರವರೆಗೆ ಮೂರು ಲೀಟರ್ ಎಂಜಿನ್ನಿನ ಜಿಟಿಒ ತಯಾರಾದದ್ದು 36 ಮಾತ್ರ. ಹಾಗಾದರೆ ಒಪ್ಪಿಗೆ ಹೇಗೆ ಸಿಕ್ಕಿತು? ಇದು ಹೊಸ ಕಾರಲ್ಲ, ಈಗಾಗಲೇ ಇರುವ 250 ಜಿಟಿಯ ಮುಂದಿನ ರೂಪ, ಬಾಡಿ ಮಾತ್ರ ಬೇರೆ ಅಂತ ಫೆರಾರಿ ವಾದಿಸಿತು. ಬಾಡಿ ಬದಲಿಸೋಕೆ ನಿಯಮದಲ್ಲಿ ಅವಕಾಶ ಇತ್ತು. ಎಫ್‌ಐಎ ಒಪ್ಪಿತು. ಈ ಸಂಗತಿ ನೆನಪಿರಲಿ, ಎರಡು ವರ್ಷದ ನಂತರ ಇದೇ ಕಿಂಡಿಯಿಂದ ಇನ್ನೊಬ್ಬರು ಒಳಗೆ ಬರುತ್ತಾರೆ.

ಎಂಜಿನ್ 2,953 ಸಿಸಿಯ ವಿ12. ಒಂದೊಂದು ಸಿಲಿಂಡರಿನ ಗಾತ್ರ ಸುಮಾರು 250 ಸಿಸಿ, ಹೆಸರಿನ 250 ಬಂದಿದ್ದು ಅಲ್ಲಿಂದ. ಬೊಲೋನ್ಯಾದ ವೆಬರ್ ಕಂಪನಿಯ ಆರು ಕಾರ್ಬ್ಯುರೇಟರ್, ಡ್ರೈ ಸಂಪ್ (ಆಯಿಲನ್ನು ಎಂಜಿನ್ ಅಡಿಯಲ್ಲಿ ಬಿಡದೆ ಬೇರೆ ಟ್ಯಾಂಕಿನಲ್ಲಿ ಇಡುವ ವ್ಯವಸ್ಥೆ), ಸುಮಾರು 300 ಎಚ್‌ಪಿ. ಐದು ಗೇರು. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಒಣ ತೂಕ ಒಂಬೈನೂರು ಕಿಲೋ ಆಸುಪಾಸು.

ಕಾರನ್ನು ಶುರು ಮಾಡಿದ್ದು ಎಂಜಿನಿಯರ್ ಜೊಟ್ಟೊ ಬಿಜ್ಜಾರಿನಿ. 1961ರ ಕೊನೆಯಲ್ಲಿ ಎಂಜೊ ಫೆರಾರಿ ಜೊತೆ ಜಗಳವಾಗಿ ಹಿರಿಯರ ಒಂದು ಗುಂಪೇ ಕಂಪನಿಯಿಂದ ಹೊರಬಿತ್ತು. ಬಿಜ್ಜಾರಿನಿಯೂ ಹೋದರು. ಉಳಿದ ಕೆಲಸ ಮುಗಿಸಿದ್ದು ಆಗಿನ್ನೂ ಚಿಕ್ಕ ವಯಸ್ಸಿನ ಮೌರೊ ಫೊರ್ಗಿಯೇರಿ ಮತ್ತು ತಗಡಿನ ಕೆಲಸದಲ್ಲಿ ಹೆಸರಾದ ಸೆರ್ಜಿಯೊ ಸ್ಕಾಲ್ಯೇಟ್ಟಿ.

ಈಗ 'ಇಟಲಿಯ ನಾಜೂಕು' ಅನ್ನುವವರು ಸ್ವಲ್ಪ ಕಾರಿನ ಕೆಳಗೆ ಬಗ್ಗಿ ನೋಡಬೇಕು. ಜಿಟಿಒದ ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಆಕ್ಸಲ್ಲಿಗೆ ಕಟ್ಟಿಕೊಂಡಿವೆ. ಸ್ಪ್ರಿಂಗೂ ಲಾರಿಗಳಲ್ಲಿ ಈಗಲೂ ಕಾಣುವಂಥ ಲೀಫ್ ಸ್ಪ್ರಿಂಗೇ. 1962ಕ್ಕೆ ಇದು ಹಳೆಯ ಪದ್ಧತಿ. ಮೂಲ ಕಾರಿನಲ್ಲಿ ಇದ್ದದ್ದನ್ನೇ ಉಳಿಸಿಕೊಳ್ಳದಿದ್ದರೆ 'ಇದು ಅದೇ ಕಾರು' ಅನ್ನುವ ವಾದ ಬಿದ್ದುಹೋಗುತ್ತಿತ್ತು, ಅದಕ್ಕೇ ಉಳಿಯಿತು. ಆಕ್ಸಲ್ ಅತ್ತಿತ್ತ ಜಾರದಂತೆ ವಾಟ್ಸ್ ಲಿಂಕ್ ಅನ್ನುವ ಸಲಾಕೆಗಳ ಜೋಡಣೆ ಹಾಕಿ, ಹಳೆಯದನ್ನೇ ಉಜ್ಜಿ ಉಜ್ಜಿ ಸರಿ ಮಾಡಿದರು. ಜಿಟಿಒದ ನಿಜವಾದ ಗುಣ ಇದೇ. ಅದರಲ್ಲಿ ಹೊಸ ತಂತ್ರ ಬಹಳ ಕಡಿಮೆ. ವರ್ಷಗಟ್ಟಲೆ ರೇಸಿನಲ್ಲಿ ಮುರಿದು, ರಿಪೇರಿ ಮಾಡಿ, ಮತ್ತೆ ಮುರಿಯದ ಹಾಗೆ ಮಾಡಿದ ಭಾಗಗಳೇ ಜಾಸ್ತಿ.

ಕೋಬ್ರಾ ಎಂಥ ಕಾರು

ಕ್ಯಾರಲ್ ಶೆಲ್ಬಿ ಟೆಕ್ಸಾಸಿನವರು. ಕೋಳಿ ಸಾಕಣೆ ಮಾಡಿ ಕೈ ಸುಟ್ಟುಕೊಂಡವರು. 1959ರಲ್ಲಿ ರಾಯ್ ಸಾಲ್ವಡೋರಿ ಜೊತೆ ಆಸ್ಟನ್ ಮಾರ್ಟಿನ್ ಓಡಿಸಿ ಲೆ ಮಾನ್ ಗೆದ್ದರು. ಹೃದಯದ ತೊಂದರೆಯಿಂದ 1960ರಲ್ಲಿ ರೇಸ್ ಬಿಟ್ಟರು. ಆಗ ಇಂಗ್ಲೆಂಡಿನ ಥೇಮ್ಸ್ ಡಿಟನ್‌ನಲ್ಲಿದ್ದ ಎಸಿ ಕಾರ್ಸ್ ಎಂಬ ಸಣ್ಣ ಕಂಪನಿಗೆ ಒಂದು ಕಷ್ಟ ಬಂದಿತ್ತು. ಅವರ ಏಸ್ ಕಾರಿಗೆ ಬರುತ್ತಿದ್ದ ಬ್ರಿಸ್ಟಲ್ ಎಂಜಿನ್ ನಿಂತುಹೋಗುವುದರಲ್ಲಿತ್ತು. ಅತ್ತ ಫೋರ್ಡ್ ಹೊಸದಾಗಿ ಹಗುರವಾದ ಒಂದು ಸಣ್ಣ ವಿ8 ಮಾಡಿತ್ತು. ಶೆಲ್ಬಿ ಎರಡನ್ನೂ ಸೇರಿಸಿದರು. ಮೊದಲು 4.2 ಲೀಟರ್, ಆಮೇಲೆ 4.7 ಲೀಟರ್.

ಹಾಗಾಗಿ 'ಅಮೆರಿಕದ ಕಾರು' ಅಂತ ನಾವು ಕರೆಯುವ ಕೋಬ್ರಾದ ಚಾಸಿ ಇಂಗ್ಲೆಂಡಿನದು. ಎರಡು ದಪ್ಪ ಕೊಳವೆಗಳ ಏಣಿಯಂಥ ಚಾಸಿ, ಸ್ವಲ್ಪ ತಿರುಚಿಕೊಳ್ಳುವ ಸ್ವಭಾವದ್ದು. ಆದರೆ ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್ ಇತ್ತು. ಲೀಫ್ ಸ್ಪ್ರಿಂಗೇ, ಆದರೆ ಅಡ್ಡಡ್ಡ ಹಾಕಿದ್ದು. ಅಂದರೆ ಹಿಂದಿನ ಸಸ್ಪೆನ್ಷನ್ ವಿಷಯದಲ್ಲಿ ಕಾಗದದ ಮೇಲೆ ಫೆರಾರಿಗಿಂತ ಕೋಬ್ರಾನೇ ಹೊಸ ಕಾಲದ್ದು! ಎಂಜಿನ್ ವಿಷಯದಲ್ಲಿ ಮಾತ್ರ ಸಿದ್ಧ ಉತ್ತರ ಸರಿ. ಎರಕದ ಕಬ್ಬಿಣದ ಬ್ಲಾಕ್, ಉದ್ದ ಕಡ್ಡಿಗಳಿಂದ ತಳ್ಳಿ ತೆರೆಯುವ ಸರಳ ಪುಷ್‌ರಾಡ್ ವಾಲ್ವ್, ನಾಲ್ಕು ಗೇರು. ರೇಸಿಗೆ ಸಿದ್ಧ ಮಾಡಿದ ಎಂಜಿನ್ ಮೇಲೆ ನಾಲ್ಕು ದೊಡ್ಡ ಕಾರ್ಬ್ಯುರೇಟರ್. ಅವೂ ವೆಬರ್, ಅವೂ ಬೊಲೋನ್ಯಾದವೇ. ಶಕ್ತಿ ಸುಮಾರು 380 ಎಚ್‌ಪಿ.

ಲೀಟರಿಗೆ ಎಷ್ಟು ಶಕ್ತಿ ಅಂತ ನೋಡಿದರೆ ಫೆರಾರಿ ನೂರು, ಕೋಬ್ರಾ ಎಂಬತ್ತು. ಇಟಲಿ ಅಭಿಮಾನಿಗಳು ಇಲ್ಲಿಗೇ ವಾದ ಮುಗಿಸುತ್ತಾರೆ. ಆದರೆ ಜಿಟಿ ರೇಸಿನಲ್ಲಿ ಎರಡು ಲೀಟರ್ ದಾಟಿದ ಕಾರುಗಳೆಲ್ಲ ಒಂದೇ ಗುಂಪು. ಲೀಟರಿಗೆ ಯಾರೂ ಬಹುಮಾನ ಕೊಡುತ್ತಿರಲಿಲ್ಲ. ಫೆರಾರಿ ಹನ್ನೆರಡು ಸಣ್ಣ ಪಿಸ್ಟನ್ನುಗಳನ್ನು ವೇಗವಾಗಿ ತಿರುಗಿಸಿ ಪಡೆದದ್ದನ್ನು ಫೋರ್ಡ್ ಎಂಟು ದೊಡ್ಡ ಪಿಸ್ಟನ್ನಿನಿಂದ ನಿಧಾನಕ್ಕೆ, ಕಡಿಮೆ ಖರ್ಚಿನಲ್ಲಿ ಪಡೆಯಿತು. ಬೆಲೆಯಲ್ಲೂ ಅದು ಕಾಣುತ್ತದೆ. ರಸ್ತೆಗೆ ಮಾರುತ್ತಿದ್ದ ಕೋಬ್ರಾ ಅಮೆರಿಕದಲ್ಲಿ 5,995 ಡಾಲರ್. ಜಿಟಿಒ ಸುಮಾರು 18,500 ಡಾಲರ್, ಅದೂ ಕೊಳ್ಳುವವರು ಯಾರು ಅಂತ ನೋಡಿ ಎಂಜೊ ಒಪ್ಪಿದರೆ ಮಾತ್ರ.

ಸಮಸ್ಯೆ: ಲೆ ಮಾನ್‌ನ ನೇರ ರಸ್ತೆ

ಲೆ ಮಾನ್ ಸರ್ಕ್ಯೂಟ್ ಆಗ 13 ಕಿ.ಮೀ.ಗಿಂತ ಸ್ವಲ್ಪ ಉದ್ದ. ಅದರಲ್ಲಿ ಮುಲ್ಸಾನ್ ಅನ್ನುವ ನೇರ ರಸ್ತೆಯೊಂದೇ ಸುಮಾರು 6 ಕಿ.ಮೀ. ಇವತ್ತು ಅದರ ಮಧ್ಯೆ ವೇಗ ಕಡಿಮೆ ಮಾಡುವ ಎರಡು ತಿರುವುಗಳಿವೆ, ಆಗ ಇರಲಿಲ್ಲ. ಕಾಲು ಆಕ್ಸಿಲರೇಟರ್ ಮೇಲೆ ಪೂರ್ತಿ ಒತ್ತಿ ಒಂದು ನಿಮಿಷಕ್ಕಿಂತ ಜಾಸ್ತಿ ಹಾಗೇ ಇಡಬೇಕು.

1963ರಲ್ಲಿ ಕೋಬ್ರಾ ಅಲ್ಲಿಗೆ ತೆರೆದ ಕಾರಿನ ಮೇಲೆ ಗಟ್ಟಿ ಚಾವಣಿ ಕೂರಿಸಿಕೊಂಡು ಬಂತು. ಅದರ ಮೂತಿ ಮೊಂಡು, ಗಾಜು ನೆಟ್ಟಗೆ ನಿಂತದ್ದು. ಎಷ್ಟು ಒತ್ತಿದರೂ ಗಂಟೆಗೆ ಸುಮಾರು 257 ಕಿ.ಮೀ. ದಾಟುತ್ತಿರಲಿಲ್ಲ. ಉದ್ದ ಮೂತಿಯ, ಪೀಸಾ ವಿಶ್ವವಿದ್ಯಾಲಯದ ಗಾಳಿ ಸುರಂಗದಲ್ಲಿ ಪರೀಕ್ಷೆಯಾದ ಜಿಟಿಒ 280 ದಾಟಿ ಹೋಗುತ್ತಿತ್ತು, ಎಂಬತ್ತು ಎಚ್‌ಪಿ ಕಡಿಮೆ ಇಟ್ಟುಕೊಂಡು! ಆ ವರ್ಷ ಒಂದು ಜಿಟಿಒ ಒಟ್ಟಾರೆ ಎರಡನೇ ಸ್ಥಾನಕ್ಕೆ ಬಂತು. ಕೋಬ್ರಾ ಏಳನೇ ಸ್ಥಾನ.

ಇದಕ್ಕೆ ದೊಡ್ಡ ಎಂಜಿನ್ ಯಾಕೆ ಪರಿಹಾರ ಅಲ್ಲ ಅನ್ನೋದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಈ ವೇಗದಲ್ಲಿ ಕಾರಿನ ಹೆಚ್ಚಿನ ಶಕ್ತಿ ಖರ್ಚಾಗುವುದು ಗಾಳಿಯನ್ನು ತಳ್ಳೋಕೆ. ಅದಕ್ಕೆ ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. 257ರಿಂದ 290ಕ್ಕೆ ಹೋಗಲು ವೇಗ ಏರುವುದು ಶೇ. 13ರಷ್ಟು, ಆದರೆ ಅದೇ ಬಾಡಿಯಲ್ಲಿ ಶಕ್ತಿ ಶೇ. 44ರಷ್ಟು ಜಾಸ್ತಿ ಬೇಕು. 380 ಎಚ್‌ಪಿ ಇದ್ದದ್ದು 545ರ ಹತ್ತಿರ ಆಗಬೇಕು. 4.7 ಲೀಟರಿನ ಆ ಎಂಜಿನ್ನಿಂದ ಅಷ್ಟನ್ನು ಹಿಂಡಿ, ಅದು 24 ಗಂಟೆ ಬಾಳಲಿ ಅನ್ನುವುದು ಆಗದ ಮಾತು. ಬೇರೆ ದಾರಿ ಒಂದೇ. ಗಾಳಿಯ ತಡೆ ಕಡಿಮೆ ಮಾಡಬೇಕು.

ವೇಗದ ಆ ವ್ಯತ್ಯಾಸದಿಂದ ಮುಲ್ಸಾನ್ ಒಂದರಲ್ಲೇ ಸುತ್ತಿಗೆ ಕೆಲವು ಸೆಕೆಂಡು ಹೋಗುತ್ತದೆ. ಮುನ್ನೂರು ಚಿಲ್ಲರೆ ಸುತ್ತಿಗೆ ಅದು ಎಷ್ಟಾಗುತ್ತದೆ ಅಂತ ನೀವೇ ಗುಣಿಸಿಕೊಳ್ಳಿ.

ಪೀಟರ್ ಬ್ರಾಕ್ ಹಾಕಿದ ಬಾಡಿ

ಶೆಲ್ಬಿಯ ಬಳಿ ಪೀಟರ್ ಬ್ರಾಕ್ ಅನ್ನುವ ಯುವಕ ಕೆಲಸಕ್ಕಿದ್ದರು. ಮೊದಲು ಜನರಲ್ ಮೋಟಾರ್ಸ್‌ನಲ್ಲಿ ಡಿಸೈನರ್ ಆಗಿದ್ದವರು. ಕಾರ್ವೆಟ್ ಸ್ಟಿಂಗ್ ರೇ ಆಕಾರಕ್ಕೆ ದಾರಿಯಾದ ಮೊದಲ ಚಿತ್ರಗಳಲ್ಲಿ ಅವರ ಕೈ ಇದೆ. 1930ರ ದಶಕದಲ್ಲಿ ಜರ್ಮನಿಯ ವೂನಿಬಾಲ್ಡ್ ಕಾಮ್ ಮತ್ತಿತರರು ಕಾರಿನ ಮೇಲೆ ಗಾಳಿ ಹರಿಯುವುದರ ಬಗ್ಗೆ ಮಾಡಿದ್ದ ಕೆಲಸವನ್ನು ಬ್ರಾಕ್ ಅಲ್ಲೇ ಓದಿಕೊಂಡಿದ್ದರು. ಅದರ ತಿರುಳು ಇಷ್ಟು: ಗಾಳಿ ಸಲೀಸಾಗಿ ಬಿಟ್ಟುಹೋಗಲು ಕಾರಿನ ಬಾಲ ಮೀನಿನ ಹಾಗೆ ಚೂಪಾಗಿ ಉದ್ದಕ್ಕೆ ಹೋಗಬೇಕಿಲ್ಲ. ಚಾವಣಿಯನ್ನು ನಿಧಾನಕ್ಕೆ ಇಳಿಸಿ, ಒಂದು ಹಂತದಲ್ಲಿ ಕತ್ತರಿಸಿ ಬಿಟ್ಟರೂ ಗಾಳಿ ಹೆಚ್ಚುಕಡಿಮೆ ಹಾಗೇ ನಡೆದುಕೊಳ್ಳುತ್ತದೆ. ತೂಕವೂ ಉಳಿಯುತ್ತದೆ.

ಕಾರಿನ ಚಾಸಿ, ಎಂಜಿನ್ ಮುಟ್ಟುವ ಹಾಗಿಲ್ಲ. ಮುಟ್ಟಿದರೆ 100 ಕಾರಿನ ಲೆಕ್ಕ ಮತ್ತೆ ಒಂದರಿಂದ ಶುರು. ಆದರೆ ಬಾಡಿ ಬದಲಿಸಬಹುದು. ಫೆರಾರಿ ತೆರೆದಿಟ್ಟಿದ್ದ ಅದೇ ಕಿಂಡಿ. ಶೆಲ್ಬಿ ಅದನ್ನೇ ಬಳಸಿಕೊಂಡರು, ಎಫ್‌ಐಎಗೆ ಬೇಡ ಅನ್ನೋಕೆ ಬಾಯಿ ಇರಲಿಲ್ಲ.

ಕ್ಯಾಲಿಫೋರ್ನಿಯಾದ ವೆನಿಸ್ ಊರಿನಲ್ಲಿದ್ದ ಶೆಲ್ಬಿ ವರ್ಕ್‌ಶಾಪಿನಲ್ಲಿ ಕೆಲಸ ಶುರುವಾಯಿತು. ಅಪಘಾತಕ್ಕೆ ಸಿಕ್ಕಿದ್ದ ಒಂದು ಕೋಬ್ರಾದ ಬಾಡಿ ಕಿತ್ತು, ಬರೀ ಚಾಸಿಯ ಮೇಲೆ ಸೀಟು ಇಟ್ಟು, ಟೆಸ್ಟ್ ಡ್ರೈವರ್ ಕೆನ್ ಮೈಲ್ಸ್ ಅವರನ್ನು ಕೂರಿಸಿದರು. ಅವರ ತಲೆಗೆ ತಕ್ಕ ಹಾಗೆ ಗಾಜು, ಚಾವಣಿಯ ರೇಖೆ ಹಾಕಿದರು. ವರ್ಕ್‌ಶಾಪಿನಲ್ಲೇ ಎಲ್ಲರಿಗೂ ನಂಬಿಕೆ ಇರಲಿಲ್ಲ. ಕತ್ತರಿಸಿದ ಬಾಲ ನೋಡಿ ಇದು ಕೆಲಸ ಮಾಡಲ್ಲ ಅಂದ ವಿಮಾನ ಎಂಜಿನಿಯರೂ ಒಬ್ಬರಿದ್ದರು. ಮೈಲ್ಸ್ ಮಾತ್ರ ಬ್ರಾಕ್ ಪರ ನಿಂತರು. ಇನ್ನೊಂದು ಲಾಭವೂ ಸಿಕ್ಕಿತು, ಇದನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಹೊಸ ಚಾವಣಿಯನ್ನು ಹೊರಲು ಹಾಕಿದ ಕೊಳವೆಗಳು ತ್ರಿಕೋನದ ಜೋಡಣೆಯಲ್ಲಿದ್ದವು. ಅದರಿಂದ ಆ ತಿರುಚಿಕೊಳ್ಳುವ ಚಾಸಿ ಗಟ್ಟಿಯಾಯಿತು. ಬಾಡಿ ಬದಲಿಸುವ ಅನುಮತಿಯ ನೆರಳಲ್ಲಿ ಚಾಸಿಯೂ ಸುಧಾರಿಸಿತು ಅನ್ನಿ.

ರಿವರ್‌ಸೈಡ್ ಟ್ರ್ಯಾಕಿನಲ್ಲಿ ಮೊದಲ ಸಲ ಓಡಿಸಿದಾಗಲೇ ಅದು ತೆರೆದ ಕೋಬ್ರಾಗಿಂತ ಸುತ್ತಿಗೆ ಹಲವು ಸೆಕೆಂಡು ವೇಗ. ಪೆಟ್ರೋಲೂ ಎದ್ದು ಕಾಣುವಷ್ಟು ಉಳಿಯಿತು. ಉದ್ದದ ರೇಸಿನಲ್ಲಿ ಅದೂ ವೇಗದ ಲೆಕ್ಕವೇ, ಪೆಟ್ರೋಲ್ ತುಂಬಿಸೋಕೆ ಟ್ರ್ಯಾಕಿನ ಪಕ್ಕದ ಪಿಟ್‌ಗೆ ಬರುವ ಸಲ ಕಡಿಮೆ ಆಗುತ್ತದೆ ಅಲ್ವಾ.

ಒಟ್ಟು ಆರು ಕೂಪೆ ತಯಾರಾದವು. ಮೊದಲನೆಯದು ಮಾತ್ರ ಕ್ಯಾಲಿಫೋರ್ನಿಯಾದಲ್ಲಿ. ಉಳಿದ ಐದರ ಬಾಡಿ ತಟ್ಟಿದ್ದು ಇಟಲಿಯ ಮೊಡೆನಾದ ಗ್ರಾನ್‌ಸ್ಪೋರ್ಟ್ ಅನ್ನುವ ವರ್ಕ್‌ಶಾಪಿನಲ್ಲಿ! ಫೆರಾರಿ ಕಾರ್ಖಾನೆ ಇರುವ ಮರನೆಲ್ಲೊ ಅಲ್ಲಿಂದ ಕೂಗಳತೆ ದೂರ. ಅಲ್ಯೂಮಿನಿಯಂ ತಗಡನ್ನು ಕೈಯಲ್ಲಿ ತಟ್ಟಿ ರೇಸ್ ಕಾರಿನ ಮೈ ಮಾಡುವವರು ಅಷ್ಟು ಜನ ಒಂದೇ ಊರಲ್ಲಿ ಬೇರೆಲ್ಲಿ ಸಿಗುತ್ತಿದ್ದರು? ಅಂದರೆ ಫೆರಾರಿಯನ್ನು ಸೋಲಿಸಲು ಹೊರಟ 'ಅಮೆರಿಕನ್' ಕಾರಿನ ಚಾಸಿ ಇಂಗ್ಲೆಂಡಿನದು, ಕಾರ್ಬ್ಯುರೇಟರ್ ಬೊಲೋನ್ಯಾದ್ದು, ಮೈ ಮೊಡೆನಾದ್ದು, ಬಾಲದ ಸಿದ್ಧಾಂತ ಜರ್ಮನಿಯದು. ಎಂಜಿನ್, ಹಟ ಮತ್ತು ಫೋರ್ಡ್ ಕಂಪನಿಯ ದುಡ್ಡು ಅಮೆರಿಕದ್ದು.

1964ರ ಋತು

ಫೆಬ್ರುವರಿಯಲ್ಲಿ ಫ್ಲಾರಿಡಾದ ಡೇಟೋನಾದಲ್ಲಿ ಕೂಪೆಯ ಮೊದಲ ರೇಸು. ಆ ಹೆಸರು ಅಲ್ಲಿಂದಲೇ ಅಂಟಿಕೊಂಡಿತು. ಡೇವ್ ಮ್ಯಾಕ್‌ಡೊನಾಲ್ಡ್ ಮತ್ತು ಬಾಬ್ ಹಾಲ್ಬರ್ಟ್ ಮುಂದೆ ಓಡುತ್ತಿದ್ದರು. ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ವಿಪರೀತ ಕಾಯಿತು. ಪಿಟ್‌ನಲ್ಲಿ ಪೆಟ್ರೋಲ್ ತುಂಬುವಾಗ ಬೆಂಕಿ ಹತ್ತಿ ಒಬ್ಬ ಮೆಕ್ಯಾನಿಕ್‌ಗೆ ಸುಟ್ಟ ಗಾಯವಾಯಿತು. ರೇಸು ಗೆದ್ದದ್ದು ಫಿಲ್ ಹಿಲ್ ಮತ್ತು ಪೆಡ್ರೊ ರೊಡ್ರಿಗೆಸ್ ಓಡಿಸಿದ ಜಿಟಿಒ. ಮುಂದಿನ ತಿಂಗಳು ಸೀಬ್ರಿಂಗ್ 12 ಗಂಟೆಯ ರೇಸಿನಲ್ಲಿ ಅದೇ ಮ್ಯಾಕ್‌ಡೊನಾಲ್ಡ್ ಮತ್ತು ಹಾಲ್ಬರ್ಟ್ ಕೂಪೆಯನ್ನು ಒಟ್ಟಾರೆ ನಾಲ್ಕನೇ ಸ್ಥಾನಕ್ಕೆ ತಂದು ಜಿಟಿ ವಿಭಾಗ ಗೆದ್ದರು.

ಏಪ್ರಿಲ್‌ನಲ್ಲಿ ಸಿಸಿಲಿಯ ಟಾರ್ಗಾ ಫ್ಲೋರಿಯೊ. ಸುತ್ತಿಗೆ 72 ಕಿ.ಮೀ., ಹಳ್ಳಿಗಳ ನಡುವಿನ ಗುಡ್ಡದ ರಸ್ತೆ. ಕೂಪೆ ಇಲ್ಲಿಗೆ ಸರಿಯಲ್ಲ ಅಂತ ಶೆಲ್ಬಿ ತೆರೆದ ಕೋಬ್ರಾಗಳನ್ನೇ ಕಳಿಸಿದರು. ಆ ರಸ್ತೆ ಅವನ್ನು ಒಂದೊಂದಾಗಿ ಮುರಿದು ಹಾಕಿತು. ಡ್ಯಾನ್ ಗರ್ನಿ, ಜೆರಿ ಗ್ರಾಂಟ್ ಹೇಗೋ ಎಂಟನೇ ಸ್ಥಾನ ಹಿಡಿದರು. ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಪಾ, ಅತಿ ವೇಗದ ಸರ್ಕ್ಯೂಟ್. ಕೂಪೆಗೆ ಹೇಳಿ ಮಾಡಿಸಿದ ಜಾಗ. ಆದರೆ ಅಭ್ಯಾಸದಲ್ಲಿ ಕಾರಿನ ಹಿಂಭಾಗ ನೆಲ ಬಿಟ್ಟು ಎದ್ದಂತಾಗುತ್ತದೆ ಅಂತ ಫಿಲ್ ಹಿಲ್ ದೂರಿದರು. (ಹೌದು, ಡೇಟೋನಾದಲ್ಲಿ ಫೆರಾರಿ ಓಡಿಸಿ ಗೆದ್ದಿದ್ದ ಅದೇ ಹಿಲ್.) ಗಾಳಿಯನ್ನು ಸೀಳುವುದು ಒಂದು, ಗಾಳಿ ಕಾರನ್ನು ಮೇಲೆತ್ತದಂತೆ ನೋಡಿಕೊಳ್ಳುವುದು ಇನ್ನೊಂದು. ಅಲ್ಲೇ ಬಾಲದ ಮೇಲೆ ಒಂದು ಸ್ಪಾಯ್ಲರ್ ಪಟ್ಟಿ ಹೊಡೆದರು. ಮೊದಲ ಜಿಟಿಒಗಳಿಗೂ ಸ್ಪಾಯ್ಲರನ್ನು ಆಮೇಲೆ ಬೋಲ್ಟ್ ಹಾಕಿ ಕೂರಿಸಿದ್ದರು, ಇಬ್ಬರಿಗೂ ಒಂದೇ ಪಾಠ. ರೇಸಿನಲ್ಲಿ ಪೆಟ್ರೋಲ್ ದಾರಿ ಕಟ್ಟಿಕೊಂಡು ಹಿಲ್ ತುಂಬ ಹೊತ್ತು ಕಳೆದುಕೊಂಡರು. ಜಿಟಿ ಕಾರುಗಳಲ್ಲಿ ಅತಿ ವೇಗದ ಸುತ್ತು ಅವರದೇ, ಗೆದ್ದದ್ದು ಮಾತ್ರ ಮೈಕ್ ಪಾರ್ಕ್ಸ್ ಅವರ ಜಿಟಿಒ.

ಜೂನ್‌ನಲ್ಲಿ ಲೆ ಮಾನ್. ಎರಡು ಕೂಪೆ ಬಂದಿದ್ದವು. ಕ್ರಿಸ್ ಏಮನ್ ಮತ್ತು ಯೋಖೆನ್ ನೇರ್‌ಪಾಶ್ ಓಡಿಸಿದ ಕಾರಿಗೆ ಪಿಟ್‌ನಲ್ಲಿ ಬ್ಯಾಟರಿ ಸೋತಿತು. ಹೊರಗಿನ ಬ್ಯಾಟರಿ ಹಚ್ಚಿ ಸ್ಟಾರ್ಟ್ ಮಾಡಿದರು. ಅದು ನಿಯಮಕ್ಕೆ ವಿರುದ್ಧ, ಕಾರು ಹೊರಗೆ. ಉಳಿದ ಕಾರಿನಲ್ಲಿ ಗರ್ನಿ ಮತ್ತು ಬಾಬ್ ಬಾಂಡುರಾಂಟ್. ಮುಲ್ಸಾನ್‌ನಲ್ಲಿ ಈ ಸಲ ಜಿಟಿಒಗಳನ್ನು ಹಿಂದೆ ಹಾಕಿಕೊಂಡು ಹೋಗುತ್ತಿದ್ದದ್ದು ಕೋಬ್ರಾ, ಅದೇ 4.7 ಲೀಟರ್ ಎಂಜಿನ್ ಇಟ್ಟುಕೊಂಡು. ರಾತ್ರಿ ಕಳೆಯುವಷ್ಟರಲ್ಲಿ ಆಯಿಲ್ ಕೂಲರ್ ಕೈಕೊಟ್ಟಿತು. ಕೂಲರನ್ನೇ ಬಿಟ್ಟು ಆಯಿಲ್ ನೇರ ಹರಿಯುವ ಹಾಗೆ ಮಾಡಿ, ಎಂಜಿನ್ ಕಾಯದಂತೆ ವೇಗ ಇಳಿಸಿ, ಹುಷಾರಾಗಿ ಮುಗಿಸಿದರು. ಮೊದಲ ಮೂರು ಸ್ಥಾನ ಫೆರಾರಿಯ ಪ್ರೊಟೊಟೈಪ್ ಕಾರುಗಳಿಗೆ, ಅಂದರೆ ರೇಸಿಗೆಂದೇ ಮಾಡಿದ, ಜಿಟಿ ಲೆಕ್ಕಕ್ಕೆ ಸೇರದ ಕಾರುಗಳಿಗೆ. ನಾಲ್ಕನೆಯದು ಕೂಪೆ, ಐದನೆಯದು ಲೂಸಿಯನ್ ಬಿಯಾಂಕಿ ಜೊತೆಗಾರನೊಂದಿಗೆ ಓಡಿಸಿದ ಜಿಟಿಒ, ಕೂಪೆಗಿಂತ ಒಂದೇ ಸುತ್ತು ಹಿಂದೆ. ಹಿಂದಿನ ವರ್ಷದ ಸಮಸ್ಯೆಗೆ ಉತ್ತರ ಸಿಕ್ಕಿತ್ತು.

ಅಲ್ಲಿಂದ ಮುಂದೆ ಹಗ್ಗಜಗ್ಗಾಟ. ಜುಲೈನಲ್ಲಿ ರೀಮ್ಸ್ 12 ಗಂಟೆ ರೇಸಿನಲ್ಲಿ ಕೂಪೆಗಳು ಅರ್ಧಕ್ಕೇ ನಿಂತವು, ಅಂಕ ಫೆರಾರಿಗೆ. ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಗರ್ನಿ ಒಟ್ಟಾರೆ ಮೂರನೆಯವರಾಗಿ ಜಿಟಿ ಗೆದ್ದರು. ಸೆಪ್ಟೆಂಬರ್‌ನಲ್ಲಿ ಟೂರ್ ದ ಫ್ರಾನ್ಸ್. ಸೈಕಲ್ಲಿನದಲ್ಲ, ಕಾರಿನದು. ದಿನಗಟ್ಟಲೆ ದೇಶ ಸುತ್ತಿ, ಅಲ್ಲಲ್ಲಿ ಸರ್ಕ್ಯೂಟ್, ಅಲ್ಲಲ್ಲಿ ಬೆಟ್ಟ ಹತ್ತುವ ಸ್ಪರ್ಧೆ. ಹೋಗಿದ್ದ ಕೋಬ್ರಾಗಳಲ್ಲಿ ಒಂದೂ ಕೊನೆ ಮುಟ್ಟಲಿಲ್ಲ. ಗೆದ್ದದ್ದು ಮತ್ತೆ ಬಿಯಾಂಕಿಯ ಜಿಟಿಒ.

ಈ ಪಟ್ಟಿಯನ್ನು ಸುಮ್ನೆ ಒಮ್ಮೆ ಕಣ್ಣಾಡಿಸಿದರೂ ಒಂದು ಮಾತು ಹೊಳೆಯುತ್ತದೆ. ನಯವಾದ, ವೇಗದ ಟ್ರ್ಯಾಕ್ ಆದರೆ ಕೂಪೆ ಮುಂದೆ. ಅದು ಸೋತಾಗ ಬಹುಪಾಲು ಸೋತಿದ್ದು ಜಿಟಿಒಗೆ ಅಲ್ಲ, ತನ್ನದೇ ಡಿಫರೆನ್ಷಿಯಲ್, ಪೆಟ್ರೋಲ್ ಪೈಪು, ಬ್ಯಾಟರಿಗೆ. ಕೆಟ್ಟ ರಸ್ತೆ, ಉದ್ದದ ದಾರಿ, ಬೇರೆ ಬೇರೆ ಬಗೆಯ ಪರೀಕ್ಷೆ ಬಂದಾಗ ಜಿಟಿಒ. ಇನ್ನೊಂದು ವ್ಯತ್ಯಾಸ ಕಾರಿನದ್ದೇ ಅಲ್ಲ. ಜಿಟಿಒ ಗಿರಾಕಿಗಳಿಗೆ ಮಾರಿದ ಕಾರು. ಬೆಲ್ಜಿಯಂ, ಇಂಗ್ಲೆಂಡ್, ಫ್ರಾನ್ಸ್, ಅಮೆರಿಕ ಎಲ್ಲ ಕಡೆ ಖಾಸಗಿ ತಂಡಗಳ ಕೈಯಲ್ಲಿ ಅದು ಇತ್ತು. ಎಲ್ಲಿ ರೇಸು ನಡೆದರೂ ಮೂರು ನಾಲ್ಕು ಜಿಟಿಒ ಬರುತ್ತಿದ್ದವು, ಒಂದು ಕೆಟ್ಟರೆ ಇನ್ನೊಂದು ಅಂಕ ತರುತ್ತಿತ್ತು. ಶೆಲ್ಬಿ ಕಡೆ ಆ ವರ್ಷ ಬೆರಳೆಣಿಕೆಯ ಕೂಪೆಗಳಿದ್ದವು. ಎರಡು ವರ್ಷದ ಅನುಭವ ಇದ್ದ ಕಾರಿಗೂ, ಪ್ರತಿ ರೇಸಿನಲ್ಲಿ ಹೊಸ ರೋಗ ಕಂಡುಹಿಡಿಯುತ್ತಿದ್ದ ಕಾರಿಗೂ ಇದ್ದ ದೂರ ಅದು.

ಮೊಂಝಾ ನಡೆಯಲಿಲ್ಲ

ಜಿಟಿಒ ಮುಪ್ಪಾಗುತ್ತಿದೆ ಅಂತ ಎಂಜೊ ಫೆರಾರಿಗೂ ಗೊತ್ತಿತ್ತು. ಅವರ ಕೈಯಲ್ಲಿ 250 ಎಲ್‌ಎಂ ಇತ್ತು. ಹೆಸರಿಗೆ 250, ಎಂಜಿನ್ 3.3 ಲೀಟರ್, ಅದೂ ಡ್ರೈವರ್ ಬೆನ್ನ ಹಿಂದೆ. ಇದೂ ಹಳೆಯ 250 ಜಿಟಿಯ ಮುಂದಿನ ರೂಪ ಅಂತ ಫೆರಾರಿ ಮತ್ತೆ ಅರ್ಜಿ ಹಾಕಿತು. ಎಂಜಿನ್ ಮುಂದಿನಿಂದ ಹಿಂದಕ್ಕೆ ಹೋದ ಕಾರನ್ನು ಅದೇ ಕಾರು ಅಂತ ಒಪ್ಪೋಕೆ ಈ ಸಲ ಎಫ್‌ಐಎಗೂ ಆಗಲಿಲ್ಲ. 250 ಎಲ್‌ಎಂ ಒಟ್ಟು ತಯಾರಾದದ್ದೂ 32 ಮಾತ್ರ.

ಸೆಪ್ಟೆಂಬರ್‌ನಲ್ಲಿ ಮೊಂಝಾದಲ್ಲಿ ಜಿಟಿ ರೇಸು ನಡೆಯಬೇಕಿತ್ತು. ವೇಗದ ಟ್ರ್ಯಾಕು, ಕೂಪೆಗೆ ಅನುಕೂಲ. ಎಲ್‌ಎಂ ವಿವಾದದ ಮಧ್ಯೆ ಆ ಸುತ್ತು ರದ್ದಾಯಿತು. ವರ್ಷದ ಲೆಕ್ಕ ಮುಗಿದಾಗ ಫೆರಾರಿ 84.6, ಶೆಲ್ಬಿ 78.3. ಶೆಲ್ಬಿ ಕಡೆಯವರು ವರ್ಷಗಟ್ಟಲೆ ಇದನ್ನು ಮರೆಯಲಿಲ್ಲ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಡೇಟೋನಾದ ಬೆಂಕಿ, ಸ್ಪಾದ ಪೆಟ್ರೋಲ್ ಪೈಪು, ರೀಮ್ಸ್, ಟೂರ್ ದ ಫ್ರಾನ್ಸ್ ಇವುಗಳಲ್ಲಿ ಒಂದೆರಡು ಸರಿಯಾಗಿದ್ದರೂ ಮೊಂಝಾದ ಮಾತೇ ಬರುತ್ತಿರಲಿಲ್ಲ. ಎಂಜೊ ಕೂಡ ಕೋಪದಲ್ಲೇ ಇದ್ದರು. ಎಲ್‌ಎಂ ವಿಷಯದಲ್ಲಿ ಇಟಲಿಯ ಮೋಟಾರು ಸಂಸ್ಥೆ ತನ್ನ ಪರ ನಿಲ್ಲಲಿಲ್ಲ ಅಂತ ಇಟಲಿಯ ಲೈಸೆನ್ಸನ್ನೇ ವಾಪಸ್ ಕೊಟ್ಟರು. ಅದಕ್ಕೇ ಆ ವರ್ಷದ ಕೊನೆಯ ಎರಡು ಫಾರ್ಮುಲಾ ಒನ್ ರೇಸಿನಲ್ಲಿ ಫೆರಾರಿಗಳು ಕೆಂಪು ಬಿಟ್ಟು ನೀಲಿ ಬಿಳಿ ಬಣ್ಣದಲ್ಲಿ ಓಡಿದವು. ಜಾನ್ ಸರ್ಟೀಸ್ ವಿಶ್ವ ಚಾಂಪಿಯನ್ ಆದದ್ದು ಆ ಬಣ್ಣದ ಕಾರಿನಲ್ಲಿ.

1965ರ ಗೆಲುವಿನ ತೂಕ

1965ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನವೇ, ರೀಮ್ಸ್‌ನಲ್ಲಿ ಬಾಂಡುರಾಂಟ್ ಮತ್ತು ಜೋ ಶ್ಲೆಸರ್ ಕೂಪೆಯಲ್ಲಿ ಜಿಟಿ ಗೆದ್ದರು. ಚಾಂಪಿಯನ್‌ಶಿಪ್ ಶೆಲ್ಬಿಯದಾಯಿತು. ಅಮೆರಿಕದ ತಯಾರಕರೊಬ್ಬರು ಅದನ್ನು ಗೆದ್ದದ್ದು ಅದೇ ಮೊದಲು. ಎಲ್ಲ ಕಡೆ ಕೊಂಡಾಡುವುದು ಈ ಗೆಲುವನ್ನೇ. ನನಗೆ ಮಾತ್ರ ಇದು ಅಷ್ಟು ತೂಕದ್ದಲ್ಲ ಅನಿಸುತ್ತದೆ. ಆ ವರ್ಷ ಫೆರಾರಿ ಎದುರಿಗೆ ಪೂರ್ತಿಯಾಗಿ ಇರಲೇ ಇಲ್ಲ. ಹೊಸ 275 ಜಿಟಿಬಿ ರೇಸ್ ಕಾರಿನ ತೂಕದ ಬಗ್ಗೆ ಎಫ್‌ಐಎ ಜೊತೆ ತಕರಾರಾಗಿ ಒಪ್ಪಿಗೆ ತಡವಾಯಿತು. ಒಪ್ಪಿಗೆ ಸಿಕ್ಕ ಮೇಲೆ ಲೆ ಮಾನ್‌ಗೆ ಬಂದದ್ದು ಅಂಥ ಒಂದೇ ಕಾರು. ಅದು ಒಟ್ಟಾರೆ ಮೂರನೇ ಸ್ಥಾನಕ್ಕೆ ಬಂದು ಜಿಟಿ ಗೆದ್ದಿತು. ಕೂಪೆ ಎಂಟನೆಯದು. ಶೆಲ್ಬಿ ತಂಡದ ಗಮನವೂ ಆಗಲೇ ಫೋರ್ಡ್ ಜಿಟಿ40 ಕಡೆ ತಿರುಗಿತ್ತು.

ಹಾಗಾಗಿ ಎರಡು ಕಾರುಗಳ ನಿಜವಾದ ಹೋಲಿಕೆ ಬೇಕಿದ್ದರೆ ಕಪ್ ಗೆದ್ದ ವರ್ಷವನ್ನು ಬಿಟ್ಟು ಕಪ್ ಸೋತ ವರ್ಷವನ್ನು ನೋಡಬೇಕು. 1964ರ ಬೇಸಿಗೆಯ ಹೊತ್ತಿಗೆ ಕೂಪೆ ಹೆಚ್ಚು ವೇಗದ ಕಾರು, ಅದರಲ್ಲಿ ಅನುಮಾನವಿಲ್ಲ. ಜಿಟಿಒ ಹೆಚ್ಚು ಪೂರ್ಣವಾದ ಕಾರು. ಒಳಗೆ ಕೂತವರ ಅನುಭವದಲ್ಲೂ ಅದೇ ಫರಕು. ಕೂಪೆಯ ಒಳಗೆ ಸೆಕೆ ತಡೆಯೋಕಾಗದು ಅಂತ ಡ್ರೈವರ್‌ಗಳು ಬೈದುಕೊಳ್ಳುತ್ತಿದ್ದರು. ಜಿಟಿಒವನ್ನು ಮಾಲೀಕರು ಮನೆಯಿಂದ ರೇಸಿಗೆ ಓಡಿಸಿಕೊಂಡು ಬಂದು, ರೇಸು ಮುಗಿಸಿ ಓಡಿಸಿಕೊಂಡೇ ವಾಪಸ್ ಹೋದದ್ದುಂಟು.

ಆಮೇಲೆ

ನಿಯಮ ಬದಲಾದ ಮೇಲೆ ಎರಡೂ ಸುಮ್ನೆ ಹಳೆಯ ರೇಸ್ ಕಾರುಗಳಾದವು. ಮೊದಲ ಕೂಪೆಯನ್ನು 1965ರ ನವೆಂಬರ್‌ನಲ್ಲಿ ಕ್ರೇಗ್ ಬ್ರೀಡ್‌ಲವ್ ತಂಡ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಓಡಿಸಿ ಹಲವು ವೇಗದ ದಾಖಲೆ ಮಾಡಿತು. ಆಮೇಲೆ ಕೂಪೆಗಳು ಕೆಲವೇ ಸಾವಿರ ಡಾಲರಿಗೆ ಮಾರಿಹೋದವು. ಜಿಟಿಒಗಳ ಪಾಡೂ ಬೇರೆಯಲ್ಲ. ಒಂದನ್ನು ಟೆಕ್ಸಾಸಿನ ಹೈಸ್ಕೂಲಿಗೆ, ಹುಡುಗರು ಮೆಕ್ಯಾನಿಕ್ ಕೆಲಸ ಕಲಿಯಲಿ ಅಂತ ಕೊಟ್ಟುಬಿಟ್ಟಿದ್ದರು. ಆಮೇಲೆ ಅದು ಒಹಾಯೊದಲ್ಲಿ ಬಯಲಲ್ಲೇ ವರ್ಷಗಟ್ಟಲೆ ಬಿದ್ದಿತ್ತು.

ಈಗ ಲೆಕ್ಕ ಬೇರೆ. 2018ರಲ್ಲಿ ಒಂದು ಜಿಟಿಒ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. 2023ರಲ್ಲಿ ಇನ್ನೊಂದು 5.17 ಕೋಟಿಗೆ. ರೀಮ್ಸ್ ಗೆದ್ದ ಕೂಪೆ 2009ರ ಹರಾಜಿನಲ್ಲಿ ಎಪ್ಪತ್ತು ಲಕ್ಷ ಡಾಲರ್ ದಾಟಿತು. ಜಿಟಿಒ 36, ಕೂಪೆ 6. ಅಪರೂಪವೇ ಬೆಲೆ ಕಟ್ಟುವುದಾದರೆ ಇದು ತಲೆಕೆಳಗಾಗಬೇಕಿತ್ತು. ಬೆಲೆ ಬಂದಿರುವುದು ಫೆರಾರಿ ಅನ್ನುವ ಹೆಸರಿಗೆ, ಮತ್ತು ಈಗಲೂ ರಸ್ತೆಯ ಮೇಲೆ ಆರಾಮಾಗಿ ಓಡಿಸಬಹುದು ಅನ್ನುವುದಕ್ಕೆ.

2019ರಲ್ಲಿ ಬೊಲೋನ್ಯಾದ ನ್ಯಾಯಾಲಯ ಜಿಟಿಒದ ಆಕಾರವನ್ನು ಕಲಾಕೃತಿ ಅಂತ ಒಪ್ಪಿ ನಕಲು ಮಾಡುವವರಿಗೆ ತಡೆ ಹಾಕಿತು. ಕೋಬ್ರಾ ಕಡೆ ಇದಕ್ಕೆ ಉಲ್ಟಾ. ನಕಲುಗಳು ಲೆಕ್ಕವಿಲ್ಲದಷ್ಟಿವೆ, ಶೆಲ್ಬಿ ಕಂಪನಿಯೇ ಹೊಸದಾಗಿ ಕೂಪೆಗಳನ್ನು ಮಾಡಿ ಮಾರಿದೆ. ಎಲ್ಲಾದರೂ ಕಾರ್ ಶೋನಲ್ಲಿ ನೀಲಿ ಮೈ, ಬಿಳಿ ಪಟ್ಟೆಯ ಡೇಟೋನಾ ಕೂಪೆ ಕಂಡರೆ ಚಾಸಿ ನಂಬರ್ ಕೇಳಿ. ಅಸಲಿ ನಂಬರುಗಳು ಸಿಎಸ್‌ಎಕ್ಸ್ 2286, 2287, 2299, 2300, 2601 ಮತ್ತು 2602 ಮಾತ್ರ. 2287 ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಮೊದಲನೆಯದು. ಅದು ಫಿಲಡೆಲ್ಫಿಯಾದ ಸಿಮಿಯೋನ್ ಮ್ಯೂಸಿಯಂನಲ್ಲಿದೆ, ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ನೋಡಬಹುದು.